ಅರ್ಧ ಪುಟದಲ್ಲಿ ಬಿಟ್ಟುಹೋದ ಎಂಟು ವರ್ಷ

೨೦೧೧ರ ಜುಲೈ, ಒಂದು ಭಾನುವಾರ. ಬೆಳಗ್ಗೆ ಏಳು ಗಂಟೆ ಐದು ನಿಮಿಷ. ವಿದ್ಯಾರಣ್ಯಪುರದ ನಮ್ಮ ಮನೆಯ ವರಾಂಡದಲ್ಲಿ ಇದ್ದವರು ನಾನು ಮತ್ತು ನನ್ನ ಹೆಂಡತಿ. "ನಿಮ್ಮ ಕಂಪ್ಯೂಟರ್ ರೂಮಿನ ಸುದ್ದಿ ಬಂದಿದೆ ನೋಡ್ರೀ" ಎಂದು ಅವಳು ಪತ್ರಿಕೆ ಮುಂದೆ ಹಿಡಿದಳು. ಎರಡನೆಯ ಪ್ಯಾರಾ ಓದಿ ಕಾಫಿ ಲೋಟ ಕೆಳಗಿಟ್ಟೆ.

ಬಡಾವಣೆಯ ಸಂಘದ ಕಟ್ಟಡದಲ್ಲಿ ಆರು ಹಳೆಯ ಕಂಪ್ಯೂಟರುಗಳಿಗೆ, ಯಾರು ಬೇಕಾದರೂ ಬಳಸಿ ಹಂಚಬಹುದಾದ ಸ್ವತಂತ್ರ ತಂತ್ರಾಂಶ ಹಾಕಿ, ಹನ್ನೆರಡು ಹೆಂಗಸರಿಗೆ ಕನ್ನಡ ಟೈಪಿಂಗ್ ಕಲಿಸುತ್ತಿದ್ದೆವು. ಕೆಲಸಕ್ಕೆ ಅರ್ಜಿ ಹಾಕಲು ಅವರಿಗೆ ಅದು ಬೇಕಿತ್ತು. ಪತ್ರಿಕೆ ಬರೆದದ್ದು ಹೀಗೆ: ವಿದೇಶದ ವಿದ್ಯಾರ್ಥಿಯೊಬ್ಬ ಬಿಡುವಿನಲ್ಲಿ ಒಬ್ಬನೇ ಬರೆದ ಈ ತಂತ್ರಾಂಶ ಈಗ ದೊಡ್ಡ ಕಂಪನಿಯೊಂದರ ಆಸ್ತಿ, ಕಂಪನಿ ಸದ್ಯಕ್ಕೆ ಪುಕ್ಕಟೆ ಹಂಚುತ್ತಿದೆ.

ಏಳೂವರೆಗೆ ಸಂಘದ ಅಧ್ಯಕ್ಷರ ಫೋನ್. ಅವರು ನಮ್ಮ ಪಕ್ಕದ ಸಿಂಗಾಪುರ ಹಳ್ಳಿಯ ಹಳೇ ಮನೆತನದವರು.

"ಸದ್ಯಕ್ಕೆ ಅಂದ್ರೆ ಏನ್ಸಾರ್? ನಾಳೆ ಕಂಪ್ನಿಯೋರು ಬಾಗ್ಲಿಗೆ ನೋಟೀಸ್ ಅಂಟಿಸಿದ್ರೆ ಕೋರ್ಟ್‌ಗೆ ನಾನು ಓಗ್ಬೇಕಾ? ಅನ್ನೊಂದು ಗಂಟೆಗೆ ಕಮಿಟಿ ಸೇರ್ತೈತೆ. ರೂಮ್ ಖಾಲಿ ಮಾಡ್ಸೋದೇ."

ಸುದ್ದಿ ಬರೆದ ವರದಿಗಾರನಿಗೆ ಫೋನ್ ಮಾಡಿ ರೇಗಿದೆ. ಅವನು ಶಾಂತವಾಗಿಯೇ ಹೇಳಿದ: "ಕಂಪನಿ ವಿಷಯ ಡೆಸ್ಕ್‌ನವ್ರು ಸೇರ್ಸಿದ್ದು ಸಾರ್. ಆದ್ರೆ ಸ್ಟೂಡೆಂಟ್ ವಿಷಯ ನೀವು ಬರ್ದ್ಕೊಟ್ಟ ನೋಟಲ್ಲೇ ಇತ್ತಲ್ಲ?"

ಕಪಾಟಿನಿಂದ ಅದರ ನಕಲು ತೆಗೆದು ನೋಡಿದೆ. ಇತ್ತು. ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಗುಣಮಟ್ಟ ಪರೀಕ್ಷೆ ಮಾಡಿದವನು ನಾನು. ನಮ್ಮ ಮೇಲಧಿಕಾರಿ ಅರ್ಧ ಪುಟ ಮೀರಿದ ವರದಿಯನ್ನು ಓದದೆ ಹಿಂದಿರುಗಿಸುತ್ತಿದ್ದರು. ಆ ಅಭ್ಯಾಸದಲ್ಲೇ ವರದಿಗಾರನಿಗೆ ಟಿಪ್ಪಣಿ ಬರೆದಿದ್ದೆ. ಬಳಸುವವನಿಗೆ ಬೀಗ ಹಾಕದ ತಂತ್ರಾಂಶ ಬೇಕೆಂದು ಹಟ ಹಿಡಿದು ಹಲವರು ಬರೆಯತೊಡಗಿದ್ದು ಆ ವಿದ್ಯಾರ್ಥಿಗಿಂತ ಎಂಟು ವರ್ಷ ಮೊದಲು. ಅವನು ಅದಕ್ಕೆ ತಿರುಳನ್ನು, ಅಂದರೆ ಕರ್ನೆಲ್ ಎಂಬ ಭಾಗವನ್ನು, ಸೇರಿಸಿದ್ದು ಆಮೇಲೆ. ಅರ್ಧ ಪುಟದಲ್ಲಿ ಹಿಡಿಸಲಿಲ್ಲವೆಂದು ಆ ಎಂಟು ವರ್ಷಗಳನ್ನು ಹೊಡೆದುಹಾಕಿದವನು ನಾನೇ.

ಎಂಟೂಕಾಲಿಗೆ ನಮ್ಮ ಜೊತೆ ಪಾಠ ಮಾಡುವ ಉಪನ್ಯಾಸಕಿ ಬಂದರು, ಗದಗ ಕಡೆಯವರು. "ಇದೇನ್ರಿ ಸರ! ಹಡದವ್ರನ್ನ ಬಿಟ್ಟು ತೊಟ್ಟಿಲಕ್ಕ ಬಂದವ್ರ ಹೆಸರು ಬರದಾರಲ್ಲ!"

"ಅದರಲ್ಲಿ ಅರ್ಧ ತಪ್ಪು ನಂದಮ್ಮ."

ಟಿಪ್ಪಣಿ ಓದಿ ಅವರು ಅದನ್ನು ನನ್ನ ಕೈಗೇ ವಾಪಸು ಕೊಟ್ಟರು. "ಹಂಗಾರ ಕಮಿಟ್ಯಾಗ ಅದನ್ನ ಮೊದಲ ಹೇಳ್ರಿ" ಎಂದರು.

ಆ ತಂತ್ರಾಂಶದ ಪ್ರತಿ ಕಡತದ ತಲೆಯಲ್ಲೂ ಬರೆದ ವರ್ಷ, ಬರೆದವರ ಹೆಸರು ಇರುತ್ತವೆ. ಆ ಭಾಗಗಳನ್ನು ಮುದ್ರಿಸಲು ಕುಳಿತೆವು. ಪ್ರಿಂಟರ್ ಎರಡು ಸಲ ಕಾಗದ ಕಚ್ಚಿಕೊಂಡಿತು. ಒಂಬತ್ತು ಹಾಳೆ ಕೈಗೆ ಬಂದಾಗ ಹನ್ನೊಂದಕ್ಕೆ ನಾಲ್ಕೇ ನಿಮಿಷ ಉಳಿದಿತ್ತು.

ಸಭೆಯಲ್ಲಿ ನನ್ನ ತಪ್ಪು ಒಪ್ಪಿಕೊಂಡೆ. "ಇನ್‌ಸ್ಪೆಕ್ಷನ್ ಮಾಡ್ತಿದ್ದೋರ ಕಥೆನೇ ಹಿಂಗಾದ್ರೆ ಹೆಂಗೆ ಗುರುಗಳೇ?" ಎಂದು ಖಜಾಂಚಿ ನಕ್ಕರು. ಅಧ್ಯಕ್ಷರು ನಗಲಿಲ್ಲ. "ಪೇಪರ್ನಾಗೆ ಬಂದೈತೆ. ನೀವು ಬಾಯ್ಮಾತಲ್ಲಿ ಇಲ್ಲ ಅಂದ್ರೆ ಆಯ್ತಾ?"

ಹಾಳೆಗಳನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಇಳಿದರು: ವರ್ಷ, ಹೆಸರು, ಮತ್ತೆ ವರ್ಷ, ಇನ್ನೊಂದು ಹೆಸರು. ನಾಲ್ಕನೆಯ ಹಾಳೆಯಲ್ಲಿ ಬೆರಳು ನಿಂತಿತು.

"ಇದು ಪಹಣಿ ಇದ್ದಂಗೈತಲ್ರೀ."

ಅವರು ಮುಂದಿನ ಹಾಳೆ ತಿರುವಿದರು.

"ಇಷ್ಟು ಜನದ ಎಸ್ರು ಜಂಟಿಯಾಗಿರೋ ಜಮೀನ್ನ ಒಬ್ಬ ನಂದು ಅಂತ ಎಂಗೆ ಬೇಲಿ ಹಾಕ್ತಾನೆ?"

"ಹಾಕಾಕ ಬರೂದಿಲ್ರಿ. ಯಾರು ಬೇಕಾದ್ರೂ ಉಳಬಹುದು. ಮುಂದಿನವ್ರಿಗೂ ಹಂಗ ಬಿಡಬೇಕು. ಅದನ್ನೂ ಕೆಳಗ ಬರದಾರ್ರಿ" ಎಂದರು ಉಪನ್ಯಾಸಕಿ.

"ಪೇಪರ್ನೋರು ಪಹಣಿ ನೋಡ್ದೆ ಬರ್ದೌರೆ" ಎಂದು ಅಧ್ಯಕ್ಷರು ಕನ್ನಡಕ ತೆಗೆದರು. "ರೂಮ್ ಇರ್ಲಿ. ಆದ್ರೆ ಪೂರ್ತಿ ಕಥೆ ಬರ್ದು, ರುಜು ಹಾಕಿ, ಬಾಗ್ಲಿಗೆ ಅಂಟಿಸ್ಬೇಕು. ಇವತ್ತೇ."

ಮಧ್ಯಾಹ್ನ ಊಟ ಬಿಟ್ಟು ಬರೆದೆ. ಒಂದು ಪ್ರತಿ ಪತ್ರಿಕೆಗೂ ಕಳಿಸಿದೆ. ಅದು ಅಚ್ಚಾಗಲೇ ಇಲ್ಲ. ಸಂಜೆ ಐದು ಗಂಟೆಗೆ ಹನ್ನೆರಡು ಹೆಂಗಸರೂ ಬಂದರು. ಬಾಗಿಲಿನ ಬರಹವನ್ನೇ ಅಂದಿನ ಅಭ್ಯಾಸವಾಗಿ ಟೈಪ್ ಮಾಡಿಸಿದೆವು. ಆರೂ ಮುಕ್ಕಾಲಿಗೆ ಕೊನೆಯ ಹಾಳೆಯ ತಪ್ಪುಗಳನ್ನು ತಿದ್ದಿ ಮುಗಿಸಿದೆ.