ಕ್ಷೌರದ ಪೆಟ್ಟಿಗೆ ಬಿಚ್ಚಿಸಿದ ಡಾಕ್ಟರಮ್ಮ

“ಅಪ್ಪನ ಕಾಯಿಲೆಯ ಹೆಸರು ಹೊರಬಿದ್ದರೆ ನಾಳೆ ಅವರ ಕೈಯಡುಗೆ ಯಾರು ಉಣ್ಣುತ್ತಾರೆ?” ಡಾ. ಪುಷ್ಪಾವತಿಯವರ ಬೀಳ್ಕೊಡುಗೆಯಲ್ಲಿ ನಾಲ್ಕು ಮಾತಾಡಬೇಕು, ಅದನ್ನೇ ಅಭಿನಂದನ ಗ್ರಂಥಕ್ಕೂ ಬರೆದುಕೊಡಬೇಕು ಎಂದು ಸಂಘಟಕರು ಕೇಳಿಕೊಂಡ ದಿನ, ವಿಟ್ಲದ ನುಸ್ರತ್ ತನ್ನ ದಿನಚರಿಯಲ್ಲಿ ಬರೆದದ್ದು ಇಷ್ಟೇ. ಆ ಹೆಸರನ್ನು ಬಿಟ್ಟರೆ ಹೇಳಲು ಅವಳಲ್ಲಿ ಬೇರೇನೂ ಇರಲಿಲ್ಲ.

ಸರಕು ಹಡಗುಗಳಲ್ಲಿ ದುಡಿಯುವವರಿಗೆ ತಗಲುವ ವೈರಸ್ ಕಾಮಾಲೆಯನ್ನು, ಅಲೆಯ ಸದ್ದೂ ಕೇಳಿಸದ ಈ ಒಳನಾಡಿನಲ್ಲಿ ಕುಳಿತು ಅಷ್ಟು ನಿಷ್ಠೆಯಿಂದ ಬೆನ್ನಟ್ಟಿದ ವೈದ್ಯರು ಮತ್ತೊಬ್ಬರಿದ್ದಾರೆಯೇ ಎಂಬುದು ಸಂದೇಹ. ಮೂಡುಬಿದಿರೆಯ ಜೈನ ಮನೆತನದಲ್ಲಿ ಹುಟ್ಟಿದ ಪುಷ್ಪಾವತಿಯವರು, ರಜೆಗೆ ಬಂದ ನಾವಿಕರ ಕಣ್ಣಿನ ಹಳದಿಯನ್ನು ಮೊದಲು ಕಂಡದ್ದು ಬೆಳ್ತಂಗಡಿಯಲ್ಲಿ ಸೇವೆಗೆ ಸೇರಿದ ಹೊಸತರಲ್ಲಿ. ಕೆಟ್ಟ ನೀರು, ಆಹಾರದಿಂದ ಬರುವ ಕಾಮಾಲೆ ಬೇರೆ, ರಕ್ತದಿಂದ ರಕ್ತಕ್ಕೆ ದಾಟುವ ಹೆಪಟೈಟಿಸ್ ಬಿ ಬೇರೆ ಎಂದು ತಿಳಿಹೇಳುವುದರಲ್ಲೇ ಅವರ ಸೇವೆಯ ಬಹುಪಾಲು ಸಂದಿತು. ಮುಂದೆ ಬಂಟ್ವಾಳಕ್ಕೆ ಬಂದು ಬಿ.ಸಿ.ರೋಡಿನಲ್ಲಿ ಚಿಕಿತ್ಸಾಲಯ ತೆರೆದ ಮೇಲೆ ಅವರದೇ ಒಂದು ಪದ್ಧತಿ ಬೆಳೆಯಿತು. ಹಡಗಿನವರು ಬಂದರೆ ನಾಡಿ ಹಿಡಿಯುವುದಕ್ಕಿಂತ ಮೊದಲು ಕ್ಷೌರದ ಪೆಟ್ಟಿಗೆ ನೋಡುವುದು.

“ಹಡಗಿನಲ್ಲಿ ಸೆಲೂನ್ ಉಂಟಾ? ಒಂದೇ ಬ್ಲೇಡಲ್ಲಿ ಒಬ್ಬನ ಗಡ್ಡ ಇನ್ನೊಬ್ಬ ಕೆರೆಯುವುದಲ್ವಾ? ತೆಗಿ ಮಾರಾಯ, ನೋಡುವ.”

“ಡಾಕ್ಟರಮ್ಮ ಕಟಿಂಗ್ ಶಾಪ್ ಇಡ್ತಾರಂತೆ” ಎಂದು ನಕ್ಕವರೂ ಮುಂದಿನ ರಜೆಯಲ್ಲಿ ಮರೆಯದೆ ಪೆಟ್ಟಿಗೆ ತಂದರು.

ನುಸ್ರತಳ ತಂದೆ ಅಬ್ದುಲ್ ಸಮದ್ ಹಡಗಿನ ಬಾಣಸಿಗರು. ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಕಂಡದ್ದೇ ಕಂಪೆನಿ ಅವರನ್ನು ಮನೆಗೆ ಕಳುಹಿಸಿತ್ತು. ಆಗಿನ್ನೂ ಶಾಲೆಯಲ್ಲಿದ್ದ ನುಸ್ರತ್, ಅಪ್ಪ ಜಗಲಿಯಲ್ಲಿ ಗೋಡೆಗೆ ಮುಖಮಾಡಿ ಒಬ್ಬರೇ ಉಣ್ಣುವುದನ್ನು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಅಂಥ ಒಂದು ಮಧ್ಯಾಹ್ನ ಪುಷ್ಪಾವತಿಯವರು ತಾವಾಗಿಯೇ ಮನೆಗೆ ಬಂದರು.

“ಈ ತಟ್ಟೆ, ಗ್ಲಾಸು ಯಾರದ್ದು?”

“ಇವರದ್ದು. ಮಕ್ಕಳಿಗೆ ತಾಗುವುದು ಬೇಡ ಅಂತ ಬೇರೆಯೇ ಇಟ್ಟಿದ್ದೇನೆ ಡಾಕ್ಟ್ರೇ” ಎಂದರು ತಾಯಿ ಆಸ್ಯಮ್ಮ, ತುಸು ಹೆಮ್ಮೆಯಿಂದಲೇ.

“ರೇಜರ್?”

“ಅದು ಒಂದೇ. ಈಗ ದೊಡ್ಡ ಮಗ ನೌಫಲನೂ ಅದರಲ್ಲೇ ಮಾಡ್ತಾನೆ.”

ಡಾಕ್ಟರು ಆ ಬೇರೆ ಇಟ್ಟ ಗ್ಲಾಸನ್ನೇ ಎತ್ತಿಕೊಂಡು, ಹೂಜಿಯಿಂದ ನೀರು ಬಗ್ಗಿಸಿ, ಎಲ್ಲರೂ ನೋಡುತ್ತಿದ್ದಂತೆ ಗಟಗಟ ಕುಡಿದರು. “ಬೇರೆ ಮಾಡಬೇಕಾದ್ದು ಒಂದನ್ನು ಬಿಟ್ಟು ಬಾಕಿ ಎಲ್ಲ ಬೇರೆ ಮಾಡಿದ್ದೀರಲ್ಲ ಮಾರಾಯ್ತಿ.”

ನೌಫಲನ ರಕ್ತ ಶುದ್ಧವಾಗಿತ್ತು. ಮನೆಮಂದಿಗೆಲ್ಲ ಲಸಿಕೆಯಾಯಿತು. ‘ಅಡುಗೆಯಿಂದ ಇದು ಹರಡುವುದಿಲ್ಲ’ ಎಂದು ಕಂಪೆನಿಯೊಡನೆ ಪಟ್ಟುಹಿಡಿದು ವಾದಿಸಿ, ಚಿಕಿತ್ಸೆಯಿಂದ ಕಾಯಿಲೆ ಹತೋಟಿಗೆ ಬಂದ ಸಮದರನ್ನು ಪುಷ್ಪಾವತಿಯವರು ಮರಳಿ ಹಡಗು ಹತ್ತಿಸಿದರು. ಈಗ ಸಮದರು ಊರಲ್ಲೇ ನೆಲೆಸಿ ಮದುವೆಮನೆಗಳಿಗೆ ಅಡುಗೆ ಮಾಡುತ್ತಾರೆ. ಕಾಯಿಲೆಯ ಹೆಸರು ಮಾತ್ರ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಅಷ್ಟು ವರ್ಷಗಳ ಬಳಿಕವೂ ನುಸ್ರತಳ ಕಣ್ಣಮುಂದೆ ಆ ಎತ್ತಿದ ಗ್ಲಾಸು ಹಾಗೆಯೇ ಇತ್ತು. ಅದಕ್ಕಿಂತ ದೊಡ್ಡ ಧೈರ್ಯವನ್ನು ಅವಳು ಎಲ್ಲಿಯೂ ಕಂಡಿರಲಿಲ್ಲ.

ಮೂಡುಬಿದಿರೆಯ ಸಭಾಂಗಣದಲ್ಲಿ ಬೀಳ್ಕೊಡುಗೆಯ ದಿನದ ಊಟವೂ ಸಮದರದ್ದೇ. ಡಾಕ್ಟರಿಗಾಗಿ ನೀರುಳ್ಳಿ, ಬೆಳ್ಳುಳ್ಳಿ ಮುಟ್ಟದೆ ಮಾಡಿದ್ದರು.

“ಇವತ್ತು ಆ ಹೆಸರು ಬೇಡ ಮಗಳೇ, ಎಲೆ ಹಾಕಿ ಆಗಿದೆ” ಎಂದರು ಆಸ್ಯಮ್ಮ.

ಸಮದರು ಸೌಟು ಆಡಿಸುತ್ತಲೇ ಹೆಂಡತಿಗೆ ಹೇಳಿದರು: “ಮುಚ್ಚಳ ಪಾತ್ರೆಗೆ ಹಾಕು, ಸಾಕು. ಅವಳ ಬಾಯಿಗೆ ಬೇಡ. ನುಸ್ರತ್, ನಿನಗೆ ಹೇಳಬೇಕೆಂದು ಕಂಡರೆ ಹೇಳು ಮಗಾ.”

ಸರದಿ ಬಂತು. ಕಾಗದದಲ್ಲಿದ್ದುದನ್ನು ನುಸ್ರತ್ ತಲೆಯೆತ್ತದೆ ಓದಿದಳು: ಪುಷ್ಪಾವತಿಯವರ ಆಯುಷ್ಯ ಇನ್ನೂ ಬಹುದೂರ ಸಾಗಲಿ, ನಿವೃತ್ತಿ ಹೆಸರಿಗೆ ಮಾತ್ರವಿರಲಿ, ಹಡಗಿಳಿದು ಬಂದ ಪ್ರತಿಯೊಬ್ಬನ ಪೆಟ್ಟಿಗೆಯನ್ನೂ ಅವರು ಹೀಗೆಯೇ ಗದರಿಸಿ ಬಿಚ್ಚಿಸುತ್ತಿರಲಿ. ಅಲ್ಲಿಗೆ ಕಾಗದ ಮುಗಿದಿತ್ತು. ಅವಳು ವೇದಿಕೆಯಿಂದ ಇಳಿಯಲಿಲ್ಲ. ಬಾಗಿಲಲ್ಲಿ ಸೌಟು ಹಿಡಿದೇ ನಿಂತಿದ್ದ ತಂದೆಯನ್ನು ನೋಡಿದಳು.

“ಇವತ್ತಿನ ಅಡುಗೆ ನನ್ನ ಅಪ್ಪನದ್ದು” ಎಂದಳು. “ಅವರಿಗೆ ಹೆಪಟೈಟಿಸ್ ಬಿ ಉಂಟು.”