ಮೂಗಿನ ಮುಂದಿನ ಗುಂಡು

ಹಿಂದೂಪುರದ ಹುಡುಗಿಯರ ಶಾಲೆಯೊಂದರಲ್ಲಿ ಹೇಮಾವತಿ ಮೇಡಂ ವಿಜ್ಞಾನದ ಪಾಠ ಹೇಳುತ್ತಾರೆ. ಹುಣಸೆ ಮಂಡಿಯಿಂದ ತಂದ ಹಳೆಯ ಕಬ್ಬಿಣದ ತೂಕದ ಗುಂಡೊಂದು ಅವರ ತರಗತಿಯ ತೊಲೆಯಿಂದ ಹಗ್ಗದಲ್ಲಿ ನೇತಾಡುತ್ತದೆ. ಪ್ರತಿ ವರ್ಷ ಅದನ್ನು ತಮ್ಮ ಮೂಗಿನ ತುದಿಯವರೆಗೆ ಎಳೆದು, ಕೈ ಬಿಡುತ್ತಾರೆ. ತೂಗಿಹೋದ ಗುಂಡು ಮುಖಕ್ಕೇ ನುಗ್ಗಿಬಂದು ಮೂಗಿನ ಮುಂದೆ ನಿಲ್ಲುತ್ತದೆ. ಹುಡುಗಿಯರು ಕಿರುಚುತ್ತಾರೆ; ಮೇಡಂ ರೆಪ್ಪೆಯನ್ನೂ ಬಡಿಯುವುದಿಲ್ಲ.

“ಬಿಟ್ಟ ಜಾಗ ದಾಟಿ ಬರೋದಿಲ್ಲ. ಅದು ನಿಯಮ.”

ಈ ಸಲ ಕಲ್ಯಾಣದುರ್ಗದಿಂದ ಅವರ ತಾಯಿ ದ್ರಾಕ್ಷಾಯಣಮ್ಮನೂ ನೋಡಲು ಬಂದಿದ್ದರು.

“ಇಷ್ಟು ದಿನ ನಿಂತೈತೆ. ಇವತ್ತೂ ನಿಲ್ತೈತೆ ಅಂತ ನಿಂಗ್ಯಾರೇ ಹೇಳಿದ್ದು?”

“ನೀನೇ ಬಿಟ್ಟು ನೋಡಮ್ಮ.”

ಕೇರಿಯ ಕೂಸುಗಳನ್ನೆಲ್ಲ ಸೀರೆಯ ಜೋಲಿಯಲ್ಲಿ ತೂಗಿದ ಕೈ ದ್ರಾಕ್ಷಾಯಣಮ್ಮನದು. ಮಗಳ ಮೂಗಿನ ಬಳಿ ಗುಂಡನ್ನು ಹಿಡಿದು ಬಿಟ್ಟರು.

ಗುಂಡು ಹೋಯಿತು, ಬಂತು. ನಿಲ್ಲಲಿಲ್ಲ.

ಮೇಡಂ ಮುಖ ಹಿಡಿದು ಕುಸಿದರು. ಬೆರಳ ಸಂದಿಯಿಂದ ರಕ್ತ ಇಳಿಯಿತು.

“ಅಯ್ಯೋ ದೇವುಡಾ! ನಾನು ನೂಕ್ಲಿಲ್ಲ ಕಣಮ್ಮ, ಬಿಟ್ಟೆ ಅಷ್ಟೆ!” ದ್ರಾಕ್ಷಾಯಣಮ್ಮ ಕೊರಳ ಲಿಂಗವನ್ನು ಮುಟ್ಟಿ ಆಣೆ ಇಟ್ಟರು.

ಅಮ್ಮ ಲಿಂಗ ಮುಟ್ಟಿ ಸುಳ್ಳು ಹೇಳುವವಳಲ್ಲ. ನಿಯಮವೂ ಸುಳ್ಳು ಹೇಳದು. ಹೇಮಾವತಿಗೆ ನೋವಿಗಿಂತ ಹೆಚ್ಚಾಗಿ ಭಯವಾಯಿತು.

ಹಿಂದಿನ ಬೆಂಚಿನಿಂದ ಬನಶ್ರೀ ಎಂಬ ಹುಡುಗಿ ಮೆಲ್ಲನೆ ಎದ್ದಳು. “ಮೇಡಂ, ಅಜ್ಜಿ ಕೈ ಮುಂದಕ್ ಹೋಯ್ತು. ಜೋಲಿ ತೂಗ್ತಾರಲ್ಲ, ಹಂಗೆ.”

ದ್ರಾಕ್ಷಾಯಣಮ್ಮ ತಮ್ಮ ಅಂಗೈಗಳನ್ನು ಯಾರದೋ ಎಂಬಂತೆ ನೋಡಿಕೊಂಡರು. “ನಂಗ್ ಗೊತ್ತೇ ಆಗ್ಲಿಲ್ವಲ್ಲೇ!”

“ಹಂಗಾದ್ರೆ ಕೈಯೇ ಬೇಡ,” ಎಂದರು ಮೇಡಂ. ಮೂಗಿಗೆ ಹತ್ತಿ ಒತ್ತಿಕೊಂಡೇ ಗುಂಡನ್ನು ಮುಖದವರೆಗೆ ಎಳೆಸಿ, ಕಿಟಕಿಯ ಸರಳಿಗೆ ನೂಲಿನಿಂದ ಕಟ್ಟಿಸಿದರು.

“ಬೇಡ ಕಣೇ ಹೇಮಾ, ನಾನೇ ತಪ್ಪು ಮಾಡಿದ್ದು. ಬಾ, ಡಾಕ್ಟರ ಹತ್ರ ಹೋಗಾಣ.”

“ಈಗ ನಿಲ್ಲದೆ ಹೋದ್ರೆ ನಾಳೆಯಿಂದ ಈ ಮಕ್ಕಳಿಗೆ ಏನಂತ ಪಾಠ ಹೇಳ್ಲಮ್ಮ?”

ಮೇಡಂ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು, ಚಪ್ಪಲಿ ಕಾಲಲ್ಲೇ ಅದರ ಮೇಲೆ ನಿಂತರು. ಬನಶ್ರೀ ಕಡ್ಡಿ ಗೀರಿ ನೂಲು ಸುಟ್ಟಳು.

ಗುಂಡು ಹೋಯಿತು. ಬಂತು. ನಿಂತಿತು.

ಹುಡುಗಿಯರು ಚಪ್ಪಾಳೆ ತಟ್ಟಿ ಕೂಗಿದರು. ಮೇಡಂ ನಕ್ಕರು. ದ್ರಾಕ್ಷಾಯಣಮ್ಮ ಮಾತ್ರ ನೆಲವನ್ನೇ ನೋಡುತ್ತಿದ್ದರು.

“ಹೇಮಾ, ಹಿಂದಕ್ ಸರಿದ್ಬುಟ್ಟಿದ್ದೀಯ ಕಣೇ.”

“ಇಲ್ಲಮ್ಮ! ಅಲ್ಲಾಡೇ ಇಲ್ಲ ನಾನು.”

ತಾಯಿ ಗೆರೆಯತ್ತ ಬೆರಳು ತೋರಿಸಿದರು. ಚಪ್ಪಾಳೆ ಒಂದೊಂದಾಗಿ ನಿಂತಿತು. ಚಪ್ಪಲಿಗಳು ಗೆರೆಯ ಮೇಲೇ ಇದ್ದವು. ಹೇಮಾವತಿಯ ಬರಿಗಾಲುಗಳು ಅವುಗಳ ಹಿಂದೆ, ತಣ್ಣನೆಯ ನೆಲದ ಮೇಲಿದ್ದವು.