ಕೊಪ್ಪರಿಗೆಯಲ್ಲಿ ಕುಳಿತ ಅಳಿಯ

1996ರ ಮಾತು. ಆ ವರ್ಷ ಮೇ ತಿಂಗಳಲ್ಲಿ ನನ್ನ ಮದುವೆಯಾಗಿತ್ತು. ನಾನು ಧಾರವಾಡದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಹೆಂಡತಿ ಶೈಲಾಳ ತವರು ಹತ್ತಿರದ ಮುಗದ. ಮದುವೆಯಾದ ಮೊದಲ ದೀಪಾವಳಿಗೆ ಅಳಿಯನನ್ನು ಕರೆಯುವುದು ಪದ್ಧತಿ. ಹೊಸ ಅಳಿಯನಿಗೆ ಆಗ ಸಿಗುವ ಮರ್ಯಾದೆ ಮುಂದೆ ಜೀವಮಾನದಲ್ಲಿ ಸಿಗುವುದಿಲ್ಲ ಎಂದು ಅನುಭವಸ್ಥರು ಹೇಳಿದ್ದರು. ನಾನೂ ಹೊಸ ಸಫಾರಿ ಹೊಲಿಸಿಕೊಂಡು ಸ್ವಲ್ಪ ಗತ್ತಿನಿಂದಲೇ ಹೋದೆ.

ನಮ್ಮ ಮಾವನವರು ಒಳ್ಳೆಯ ರೈತರು, ಆದರೆ ಹುಕ್ಕಿ ಬಂದರೆ ಅವರನ್ನು ತಡೆಯುವವರಿಲ್ಲ. ಆ ವರ್ಷ ಪುಣೆಗೆ ಯಾರದೋ ಮದುವೆಗೆಂದು ಹೋದವರು ಒಂದು ಬಂಗಲೆಯಲ್ಲಿ ಇಳಿದುಕೊಂಡಿದ್ದರು. ಅಲ್ಲಿ ಬಿಸಿನೀರಿನ ತೊಟ್ಟಿಯಿತ್ತು. ಕುತ್ತಿಗೆಯವರೆಗೆ ನೀರಿನಲ್ಲಿ ಕುಳಿತು ಎದ್ದ ಮೇಲೆ ಅವರಿಗೆ ಬೇರೆ ಮಾತೇ ಇಲ್ಲ. ಗರಗದ ಬೀಗರೊಬ್ಬರು ಆಲೆಮನೆ ನಡೆಸುವುದನ್ನು ನಿಲ್ಲಿಸಿದ್ದರು. ಅವರ ಬೆಲ್ಲ ಕಾಯಿಸುವ ದೊಡ್ಡ ಕಬ್ಬಿಣದ ಕೊಪ್ಪರಿಗೆಯನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದು ಹಿತ್ತಲಿನ ಬಚ್ಚಲಮನೆಯಲ್ಲಿ ಕೂರಿಸಿದರು. ಸುತ್ತಲೂ ಇಟ್ಟಿಗೆಯ ಕಟ್ಟೆ ಎತ್ತರಿಸಿ ಸಿಮೆಂಟು ಮೆತ್ತಿಸಿದರು. ಅಡಿಯಲ್ಲಿ ಒಲೆ, ಅದರ ಬಾಯಿ ಗೋಡೆಯ ಆಚೆಗೆ. ನೀರು ತಾನೇ ಕಾಯುತ್ತಿರಬೇಕು, ಮೇಲೆ ಅಳಿಯ ಕೂತಿರಬೇಕು.

"ಒಲಿ ಮ್ಯಾಲೆ ಕುಂತು ಯಾರರ ಜಳಕಾ ಮಾಡ್ತಾರೇನ್ರಿ?" ಎಂದು ಅತ್ತೆಯವರು ಕೇಳಿದ್ದರಂತೆ.

"ತಳಕ್ಕ ಹಲಗಿ ಹಾಕ್ಸೇನಿ. ನಿನಗೇನು ತಿಳಿತೈತಿ, ಸುಮ್ನಿರು," ಎಂದು ಮಾವನವರು ಬಾಯಿ ಮುಚ್ಚಿಸಿದ್ದರಂತೆ. ಇದನ್ನೆಲ್ಲ ಶೈಲಾ ಆಮೇಲೆ ನನಗೆ ಹೇಳಿದಳು.

ಅತ್ತೆಯವರ ಬಗ್ಗೆ ಒಂದು ಮಾತು ಹೇಳಬೇಕು. ಅವರು ಹಳೆಯ ಕಾಲದವರು. ಅಳಿಯನ ಎದುರು ತಲೆ ಮೇಲಿನ ಸೆರಗು ಸರಿಯಗೊಡುವವರಲ್ಲ, ನೇರವಾಗಿ ಮಾತೂ ಆಡುವವರಲ್ಲ. ಏನಿದ್ದರೂ ಮಗಳ ಮೂಲಕ. ಮಗಳು ಇಲ್ಲದಿದ್ದರೆ ಬಾಗಿಲ ಚೌಕಟ್ಟಿಗೆ ಹೇಳುತ್ತಿದ್ದರು. "ಅಳ್ಯಾರು ಇನ್ನೊಂದು ಕಪ್ ಚಹಾ ತಗೋತಾರೇನೋ," ಎಂದು ಅವರು ಚೌಕಟ್ಟನ್ನು ಕೇಳುವುದು, "ಸಾಕು," ಎಂದು ನಾನು ಗೋಡೆಗೆ ಹೇಳುವುದು. ನಮ್ಮ ಸಂಭಾಷಣೆ ಅಷ್ಟೇ.

ನರಕ ಚತುರ್ದಶಿಯ ದಿನ ಇನ್ನೂ ಬೆಳಕು ಹರಿಯುವ ಮೊದಲೇ ನನ್ನನ್ನು ಎಬ್ಬಿಸಿ ಮಣೆಯ ಮೇಲೆ ಕೂರಿಸಿದರು. ಆರತಿಯಾಯಿತು. ನೆತ್ತಿಯಿಂದ ಅಂಗಾಲಿನವರೆಗೆ ಕೊಬ್ಬರಿ ಎಣ್ಣೆ ತಿಕ್ಕಿದರು. ಕಡಲೆ ಹಿಟ್ಟು ಹಚ್ಚಿ ಎಣ್ಣೆ ತೆಗೆದುಕೊಂಡೇ ತೊಟ್ಟಿಗೆ ಇಳಿಯೋಣವೆಂದರೆ ಮಾವನವರು ಒಪ್ಪಲಿಲ್ಲ.

"ಹಂಗs ಇಳೀರಿ ಮಾಸ್ತರ. ಬಿಸಿನೀರಾಗ ಕುಂತ್ರ ಎಣ್ಣಿ ತಾನs ಬಿಡ್ತೈತಿ," ಎಂದರು.

ಮಾವನವರ ಉತ್ಸಾಹಕ್ಕೆ ಇಲ್ಲ ಎನ್ನುವುದುಂಟೆ? ಬಚ್ಚಲಮನೆಗೆ ಹೋಗಿ ಬಾಗಿಲಿಗೆ ಚಿಲಕ ಹಾಕಿದೆ. ಟವೆಲ್ ಸುತ್ತಿಕೊಂಡೇ ಕೊಪ್ಪರಿಗೆಗೆ ಇಳಿದು ಹಲಗೆಯ ಮೇಲೆ ಕುಳಿತೆ. ಸುಳ್ಳೇಕೆ ಹೇಳಲಿ, ಮೊದಲು ಸ್ವರ್ಗವೇ ಸಿಕ್ಕಂತಾಯಿತು. ಹೊರಗೆ ಚಳಿ, ಒಳಗೆ ಎದೆಮಟ್ಟ ಬಿಸಿನೀರು. ಗೋಡೆಯಾಚೆಯಿಂದ ಮಾವನವರು, "ಹ್ಯಾಂಗೈತ್ರಿ?" ಎಂದರು. "ಭಾಳ ಛಲೋ ಐತ್ರಿ," ಎಂದೆ. ಆ ಖುಷಿಗೆ ಅವರು ಒಲೆಗೆ ಮತ್ತೆರಡು ದಪ್ಪ ಕಟ್ಟಿಗೆ ತುರುಕಿ, ಪಟಾಕಿ ಹಚ್ಚಲು ಅಂಗಳಕ್ಕೆ ಹೋದರು.

ನೀರು ಕಾಯುತ್ತಲೇ ಹೋಯಿತು. ಸಾಕು, ಏಳೋಣ ಎಂದು ನಿಂತೆ. ಮೈಯಿಂದ ಬಿಟ್ಟ ಎಣ್ಣೆಯೆಲ್ಲ ಹಲಗೆಗೂ ಕಟ್ಟೆಗೂ ಹತ್ತಿತ್ತು. ಕಾಲು ಜಾರಿತು, ಹಲಗೆ ಸರಿಯಿತು. ಅಂಗಾಲು ಕಾದ ಕಬ್ಬಿಣಕ್ಕೆ ತಾಗಿ ಚುರ್ ಎಂದಿತು. ಅದನ್ನು ಎತ್ತಲು ಹೋಗಿ ಇನ್ನೊಂದು ಪಾದ ಉಳುಕಿತು. ಕಟ್ಟೆ ಹಿಡಿದರೆ ಕೈ ನಿಲ್ಲುತ್ತಿಲ್ಲ. ಹಿಡಿದದ್ದೆಲ್ಲ ಜಾರುತ್ತಿದೆ. ಹೇಗೋ ಹಲಗೆಯನ್ನು ಅಡಿಗೆ ಎಳೆದುಕೊಂಡು ಮತ್ತೆ ಕುಳಿತೆ. ಟವೆಲ್ ಬಿಚ್ಚಿ ಎಲ್ಲೋ ತೇಲುತ್ತಿತ್ತು.

ಕೂಗಿದೆ. "ಶೈಲಾ! ಮಾವನೋರ!" ಅಂಗಳದಲ್ಲಿ ಸರಪಟಾಕಿ ಸಿಡಿಯುತ್ತಿತ್ತು. ನನ್ನ ಕೂಗು ನನಗೇ ಕೇಳಿಸಲಿಲ್ಲ. ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಉಗಿಗೆ ಉಸಿರು ಕಟ್ಟುತ್ತಿತ್ತು. ಕಣ್ಣಿಗೆ ಕತ್ತಲೆ ಬರತೊಡಗಿತು. ಪ್ರಜ್ಞೆ ತಪ್ಪಿ ಈ ನೀರಿನೊಳಗೆ ಕುಸಿದರೆ ನನ್ನ ಕಥೆ ಮುಗಿಯಿತು ಎಂದು ಸ್ಪಷ್ಟವಾಗಿ ಅನಿಸಿತು. ಇನ್ನೊಂದು ವಿಚಾರವೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ಬದುಕಿದರೂ ಈ ಅವಸ್ಥೆಯಲ್ಲಿ ಬೀಗರ ಮನೆಯ ಇಪ್ಪತ್ತು ಮಂದಿ ನನ್ನನ್ನು ಎತ್ತಿಕೊಂಡು ಹೋದರೆ ಮುಂದೆ ಈ ಊರಿಗೆ ಯಾವ ಮುಖ ಹೊತ್ತು ಬರಲಿ? ಸಾಯುವ ಹೊತ್ತಿನಲ್ಲೂ ಮನುಷ್ಯನಿಗೆ ಮಾನದ್ದೇ ಚಿಂತೆ.

ಆಗ ಎರಡು ಸರಪಟಾಕಿಗಳ ನಡುವಿನ ಬಿಡುವಿನಲ್ಲಿ ಬಾಗಿಲ ಆಚೆ ಒಂದು ದನಿ ಕೇಳಿತು. "ಅಳ್ಯಾರು ಯಾಕ ಸುಮ್ನಾದ್ರೋ..." ಎಂದು ಅತ್ತೆಯವರು ಚೌಕಟ್ಟನ್ನು ಕೇಳುತ್ತಿದ್ದರು. ನಾನು ಉತ್ತರ ಕೊಡಲು ಬಾಯಿ ತೆರೆದೆ, ದನಿ ಹೊರಡಲಿಲ್ಲ. ತಂಬಿಗೆಯ ಸಪ್ಪಳವೇ ಇಲ್ಲವೆಂದು ಅವರಿಗೆ ಸಂಶಯ ಬಂದಿರಬೇಕು, ನಿಜ ಏನೋ ನನಗೆ ಗೊತ್ತಿಲ್ಲ. ಮೊದಲು ಗೋಡೆಯಾಚೆ ಒಲೆಯಿಂದ ಕಟ್ಟಿಗೆ ಎಳೆದು ಹಾಕಿದ ಸದ್ದು. ಆಮೇಲೆ ಧಡ್ ಧಡ್ ಎಂದು ಬಾಗಿಲಿಗೆ ಒನಕೆಯ ಏಟು. ಚಿಲಕ ಕಿತ್ತು ಬಂತು.

ಅತ್ತೆಯವರು ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು. ಅವರ ತಲೆಗೂದಲು ನಾನು ನೋಡಿದ್ದು ಅದೇ ಮೊದಲು. ಒಂದು ಕ್ಷಣವೂ ತಡೆಯದೆ, ಗೂಟದಲ್ಲಿದ್ದ ಹೊಸ ಧೋತರ ಎಳೆದು ನನ್ನ ಮೇಲೆ ಎಸೆದು ಮುಖ ಆಚೆ ತಿರುಗಿಸಿದರು. ತುಂಬಿಟ್ಟ ತಣ್ಣೀರಿನ ಕೊಡಗಳನ್ನು ಒಂದರ ಮೇಲೊಂದರಂತೆ ಕೊಪ್ಪರಿಗೆಗೆ ಸುರಿದರು.

"ಕೈ ಕೊಡ್ರಿ!" ಎಂದರು. ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಕೈ ಕೊಟ್ಟೆ, ಜಾರಿತು. ಅವರು ಹೊರಗೋಡಿ ಪಾತ್ರೆ ತಿಕ್ಕಲು ಇಟ್ಟಿದ್ದ ಬೂದಿಯನ್ನು ಬೊಗಸೆ ತುಂಬ ತಂದು ನನ್ನ ತೋಳಿಗೆಲ್ಲ ಸವರಿದರು, ತಮ್ಮ ಅಂಗೈಗೂ ಹಚ್ಚಿಕೊಂಡರು. ಈ ಸಲ ಹಿಡಿತ ಸಿಕ್ಕಿತು. ಐದಡಿಯೂ ಇಲ್ಲದ ಆ ಹೆಣ್ಣುಮಗಳು ಕಟ್ಟೆಗೆ ಕಾಲು ಕೊಟ್ಟು ನನ್ನನ್ನು ಹೊರಗೆ ಎಳೆದರು. ಒಗೆಯುವ ಕಲ್ಲಿನ ಮೇಲೆ ಕೂರಿಸಿ, ಕಾಲಿಗೆ ತಣ್ಣೀರು ಹಾಕಿ, ಕುಡಿಯಲೂ ಕೊಟ್ಟು, ನನ್ನ ಕೈಗೆ ತಂಬಿಗೆ ಹಿಡಿಸಿದರು.

"ಜಳಕಾ ಮುಗೀತು ಅನ್ರಿ. ಮತ್ತೇನೂ ಹೇಳಬ್ಯಾಡ್ರಿ," ಎಂದರು. ತಲೆ ಮೇಲೆ ಸೆರಗು ಹೊದ್ದು ಹೊರಗೆ ಹೋಗಿ, "ಹಾವು! ಹಾವು!" ಎಂದು ಒದರತೊಡಗಿದರು.

ಮನೆಮಂದಿಯೆಲ್ಲ ಬಡಿಗೆ ಹಿಡಿದು ಓಡಿಬಂದರು. ಒಲೆಯ ಬಾಯಿಯಿಂದ ಹಾವು ಬಚ್ಚಲಿಗೆ ನುಗ್ಗಿತ್ತು, ಅದಕ್ಕೇ ಬಾಗಿಲು ಒಡೆದೆ ಎಂದರು ಅತ್ತೆಯವರು. ನನ್ನ ಕಡೆಗೆ ಯಾರೂ ಸರಿಯಾಗಿ ನೋಡಲಿಲ್ಲ. ಕಟ್ಟಿಗೆ ರಾಶಿ, ಬಣವೆ, ಎಲ್ಲ ಕಡೆ ಹಾವು ಹುಡುಕಿದರು. ಸಿಗುವುದು ಎಲ್ಲಿಂದ? ಕಾಲು ಉಳುಕಿದ್ದು ಹಾವಿನ ಗಾಬರಿಗೆ ಎಂದಾಯಿತು. ತಲೆಗೆ ಬಂದದ್ದು ತಲೆಪಾಗಿಗೆ ಹೋಯಿತು ಎನ್ನುತ್ತಾರಲ್ಲ, ಹಾಗೆ ನಾನು ಪಾರಾದೆ.

ಆದರೆ ಬೈಗುಳ ತಿಂದವರು ಅತ್ತೆಯವರು. "ಹಗ್ಗಾ ನೋಡಿ ಹಾವು ಅಂದಿ. ಹೊಸಾ ಬಾಗಲಾ ಹಾಳ ಮಾಡಿದಿ. ಅಳ್ಯಾರ ಮುಂದ ಮಾನಾ ಕಳದಿ," ಎಂದು ಮಾವನವರು ಎಲ್ಲರೆದುರು ಕೂಗಾಡಿದರು. ಅತ್ತೆಯವರು ತಲೆ ತಗ್ಗಿಸಿ ನಿಂತಿದ್ದರು. ನಾನು ಏನೋ ಹೇಳಹೊರಟೆ. ಅವರು ಸೆರಗಿನ ಮರೆಯಿಂದಲೇ ಬೇಡವೆಂದು ತಲೆಯಾಡಿಸಿದರು.

ಅಲ್ಲಿಂದ ಆ ಹಾವನ್ನು ಅವರು ಸುಮ್ಮನೆ ಬಿಡಲಿಲ್ಲ. ಹಾವು ಬರುತ್ತದೆಂದು ಕೊಪ್ಪರಿಗೆಯ ಅಡಿಯ ಒಲೆಯನ್ನು ಇಟ್ಟಿಗೆಯಿಂದ ಮುಚ್ಚಿಸಿದರು. ಹಂಡೆಯಲ್ಲಿ ಕಾಯಿಸಿದ ನೀರನ್ನೇ ಹದ ನೋಡಿ ಹೊಯ್ಯುವುದಾಯಿತು. ಹಾವು ಕಂಡರೆ ಲಗೂ ಎದ್ದು ಬರಬೇಕೆಂದು ಒಳಗೆ ಮೆಟ್ಟಿಲು ಕಟ್ಟಿಸಿ, ಕೈಗೆ ಹಿಡಿಯಲು ಕಬ್ಬಿಣದ ಸರಳು ಹಾಕಿಸಿದರು. ಹಾವು ಅಡಗಬಾರದೆಂದು ಜಳಕವಾದ ಕೂಡಲೇ ನೀರು ಎತ್ತಿ ಚೆಲ್ಲಿಸಿ ಬೂದಿ ಹಾಕಿ ತಿಕ್ಕಿಸುತ್ತಿದ್ದರು. ಮುಂದೆ ಬಂದ ಇಬ್ಬರು ಅಳಿಯಂದಿರು ಅದೇ ತೊಟ್ಟಿಯಲ್ಲಿ ನಿಶ್ಚಿಂತೆಯಿಂದ ಮಿಂದರು. ಮಾವನವರ ಮಂಡಿನೋವಿಗೂ ಅದೇ ಔಷಧವಾಯಿತು. ಅತ್ತೆಯವರ ಹಾವು ಮಾತ್ರ ಬೀಗರಿಗೆಲ್ಲ ನಗೆಯ ಮಾತಾಯಿತು. ಹಬ್ಬ, ಮದುವೆ, ಸೀಮಂತದ ಕುಬಸ, ಎಲ್ಲಿ ನಾಲ್ಕು ಮಂದಿ ಸೇರಿದರೂ ಯಾರಾದರೊಬ್ಬರು ಆ ಕಥೆ ತೆಗೆಯುತ್ತಿದ್ದರು.

2004ರ ದೀಪಾವಳಿಗೆ ಕೊನೆಯ ಅಳಿಯ ಬಂದಿದ್ದ. ಎಲ್ಲರೂ ಚಕ್ಕಲಿ, ಉಂಡೆ ತಿನ್ನುತ್ತ ಕುಳಿತಾಗ ಮಾವನವರು ಅವನಿಗೂ ಹಾವಿನ ಕಥೆ ಶುರು ಮಾಡಿದರು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ಅತ್ತೆಯವರೂ ಸಣ್ಣಗೆ ನಗುತ್ತ ನಿಂತಿದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಇದ್ದದ್ದು ಇದ್ದಂತೆ ಹೇಳಿಬಿಟ್ಟೆ. ಎಣ್ಣೆ, ಹಲಗೆ, ಟವೆಲ್, ಬೂದಿ, ಯಾವುದನ್ನೂ ಮುಚ್ಚಿಡಲಿಲ್ಲ. "ಇವರು ಇರದಿದ್ರ ನಾ ಅವತ್ತs ಸತ್ತಿದ್ದೆ," ಎಂದು ಅತ್ತೆಯವರ ಕಡೆ ಕೈ ತೋರಿಸಿದೆ.

ಪಡಸಾಲೆಯಲ್ಲಿದ್ದವರೆಲ್ಲ ಅತ್ತೆಯವರನ್ನು ನೋಡಿದರು. ಆಗ ಅತ್ತೆಯವರು ಬಾಗಿಲ ಚೌಕಟ್ಟಿನ ಕಡೆ ತಿರುಗಿ ಹೇಳಿದರು.

"ಅಳ್ಯಾರು ದೊಡ್ಡ ಮನಸ್ಸಿನವರು. ಹಂಗ ಹೇಳ್ತಾರ. ಹಾವು ಬಂದಿದ್ದು ಖರೇ. ಕರೇದು, ಮಾರುದ್ದ ಇತ್ತು. ನಾ ಕಣ್ಣಾರೆ ನೋಡೇನಿ."

ಮಾವನವರು ತೊಡೆ ತಟ್ಟಿ ನಕ್ಕರು. "ನೋಡ್ರಿ, ಅತ್ತಿ ಮಾನಾ ಉಳಸಾಕ ನಮ್ಮ ಮಾಸ್ತರ ತಮ್ಮ ಮಾನಾನs ಕೊಡಾಕ ಹೊಂಟಾರ! ಇಂಥಾ ಅಳ್ಯಾ ಎಲ್ಲಿ ಸಿಗಬೇಕು?" ಎಂದರು. ಎಲ್ಲರೂ ಹೌದು ಹೌದು ಎಂದರು. ಹೊಸ ಅಳಿಯ ಬಂದು ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ನಾನು ಅತ್ತೆಯವರಿಗಾಗಿ ಸುಳ್ಳು ಹೇಳಿದೆನೆಂದೇ ಶೈಲಾ ಕೂಡ ಇವತ್ತಿಗೂ ನಂಬಿದ್ದಾಳೆ. ಅತ್ತೆಯವರು ಒಮ್ಮೆ ನನ್ನ ಪ್ರಾಣ ಉಳಿಸಿದರು, ಎರಡು ಸಲ ಮಾನ ಉಳಿಸಿದರು. ಒಂದು ಸಲವೂ ನನಗೆ ಕೈ ಮುಗಿಯಲು ಆಸ್ಪದ ಕೊಡಲಿಲ್ಲ.

ಅವರಿಗೆ ಓದಲು ಬರುವುದಿಲ್ಲ. ಅದೇ ಧೈರ್ಯದಿಂದ ಇಲ್ಲಿ ಕೈ ಮುಗಿಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ, ಓದುವ ನೀವಾದರೂ ನಂಬಿ. ಅವತ್ತು ಆ ಬಚ್ಚಲಿಗೆ ಯಾವ ಹಾವೂ ಬಂದಿರಲಿಲ್ಲ.